ಸ್ವಚ್ಛ ಮನೆಯ ಸಾಲು

ನಿಂತಿದೆ, ಇದೂ ನಿಂತಿದೆ, ಸೂಕ್ಷ್ಮದರ್ಶಕಕ್ಕೆ ಒತ್ತಿ ಒತ್ತಿ ಹುಬ್ಬು ನೋಯುತ್ತಿದೆ, ಮೊನ್ನೆಯವರೆಗೂ ಗಾಳಿಗೆ ತೊನೆಯುವ ಹುಲ್ಲಿನ ಹಾಗೆ ಅಲೆಅಲೆಯಾಗಿ ಬೀಸುತ್ತಿದ್ದ ರೋಮಗಳು — ಯಾರದೋ ಮೂಗಿನಿಂದ ಕೆರೆದ ಜೀವಕೋಶಗಳ ಚೂರು, ಆರು ವಾರ ಬಾಣಂತನ ಮಾಡಿ ಈ ತಟ್ಟೆಯ ಗುಳಿಗಳಲ್ಲಿ ಉಸಿರುದಾರಿಯ ಒಳಪದರವಾಗಿ ಬೆಳೆಸಿದ್ದು, ನಾನು ಉಣ್ಣದಿದ್ದರೂ ಅದಕ್ಕೆ ಉಣಿಸಿದ್ದೇನೆ — ಮಲಗಿಬಿಟ್ಟಿವೆ, ಅದೂ ಕಾರ್ಖಾನೆ ಬೀದಿಯ ಧೂಳು ಹಾಕಿದ ಸಾಲಿನಲ್ಲಲ್ಲ, ಸ್ವಚ್ಛ ಮನೆಯ ಸಾಲಿನಲ್ಲಿ, ನನ್ನ ಮನೆಯ ಸಾಲಿನಲ್ಲಿ. ಸಾಲು ಅದಲುಬದಲು ಮಾಡಿದ್ದೀಯ ಕಣೇ, ಅಂದರು ಲ್ಯಾಬಿನ ಮೇಡಂ ಮೊದಲ ಸಲ, ನಿನ್ನ ಗಂಡ ಏನು ಮನೇಲೇ ಬೀಡಿ ಕಾರ್ಖಾನೆ ಇಟ್ಟಿದ್ದಾನಾ, ಅಂದರು ಎರಡನೇ ಸಲ, ಇದು ಮೂರನೆಯದು, ಈ ಸಲ ಅವರು ನಗಲಿಲ್ಲ. ಹೋಲಿಸೋಕೆ ಒಂದು ಒಳ್ಳೆ ಮನೆ ಬೇಕು, ನಿಮ್ಮನೆ ಕಾರ್ಖಾನೆಗೆ ದೂರ ಇದೆಯಲ್ಲ ಎಂದು ಗಾಳಿ ಎಳೆಯುವ ಪಂಪು, ಧೂಳು ಹಿಡಿಯುವ ಫಿಲ್ಟರ್ ಕೈಗಿತ್ತವರು ಅವರೇ, ನಾನೂ ಏನು ಬಿಂಕ, ದಿನಕ್ಕೆರಡು ಸಲ ನೆಲ ಒರೆಸುವವಳು, ಮಲಗುವ ಕೋಣೆಯಲ್ಲೇ ನೇತುಹಾಕಿದೆ, ಮೊಳೆ ಹೊಡೆಯುವ ಕೆಲಸವೂ ಇರಲಿಲ್ಲ, ಇವರ ನೀಲಿ ಅಂಗಿ ತೂಗುವ ಮೊಳೆ ಇತ್ತಲ್ಲ. ನೀಲಿ ಅಂಗಿ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡಿನಿಂದ ಸಂಜೆ ಅದರಲ್ಲೇ ಬರುತ್ತಾರೆ, ಬಾಗಿಲಲ್ಲಿ ಎರಡು ಸಲ ಸೀಸದ ಧೂಳು ಕೊಡವಿ ಮೊಳೆಗೆ ಹಾಕುತ್ತಾರೆ, ಮೈ ತೊಳ್ಕೊಂಡು ಬಂದಿದ್ದೀನಲ್ಲ ಮಾರಾಯ್ತಿ, ಅಂಗಿ ನಾಳೆ ಮತ್ತೆ ಕೊಳೆ ಆಗೋದೇ, ವಾರಕ್ಕೊಂದ್ಸಲ ಒಗೆದ್ರೆ ಸಾಕು ಬಿಡು — ಬಿಟ್ಟೆ, ನನಗೂ ಬೆನ್ನುನೋವು, ಬಿಟ್ಟೆ, ಅದರ ಕೆಳಗೇ ಹಾಸಿಗೆ, ಮೂರು ವರ್ಷದ ಮಗಳು, ಬಾಯಿ ಜೋರೆಂದು ಅಪ್ಪನೇ ಮೆಣಸು ಎಂದು ಕರೆದವಳು, ಹದಿನೈದು ದಿನದಿಂದ ಕೆಮ್ಮು, ಹವಾ ಬದಲಾದ್ರೆ ಹೀಗೇ ಅಂದರು ಡಾಕ್ಟರು, ನಾನೂ ತಲೆಯಾಡಿಸಿದೆ, ದಿನವಿಡೀ ಉಸಿರುದಾರಿ ನೋಡುವವಳು ತಲೆಯಾಡಿಸಿದೆ. ಕೈಗವಸು ಬಿಚ್ಚುವಷ್ಟು ತಾಳ್ಮೆ ಇಲ್ಲ, ಹಲ್ಲಲ್ಲಿ ಎಳೆದೆ, ಫೋನು, ಇವತ್ತು ಇವರಿಗೆ ರಜೆ, ಮನೆಯಲ್ಲೇ ಇದ್ದಾರೆ, ಏನೇ ಈ ಹೊತ್ತಲ್ಲಿ, ಮೆಣಸು ಎಲ್ಲಿ ಅಂದೆ, ಶ್, ಈಗ ತಾನೇ ಮಲಗಿದ್ಲು, ಕೆಮ್ಮಿ ಕೆಮ್ಮಿ ಸುಸ್ತಾಗಿ ಅಮ್ಮ ಬೇಕು ಅಂತ ಒಂದೇ ರಂಪ, ಕೊನೆಗೆ ನನ್ನ ಅಂಗಿ ಕೊಟ್ಟೆ ನೋಡು, ತಬ್ಕೊಂಡು ಹಾಗೇ ನಿದ್ದೆ ಹೋದ್ಲು, ಅಪ್ಪನ ವಾಸನೆ ಬೇಕಂತೆ ನಿನ್ನ ಮಗಳಿಗೆ — ತೆಗೀರಿ ಅದನ್ನ — ಎದ್ದುಬಿಡ್ತಾಳೆ ಕಣೇ — ತೆಗೀರಿ ಅಂದೆ — ಹೆಜ್ಜೆ ಸದ್ದು, ಉಸಿರು, ಬಟ್ಟೆ ಎಳೆಯುವ ಸರಸರ, ಬಿಡ್ತಿಲ್ಲ ಇವಳು, ಕಾಲರು ಬಾಯೊಳಗಿಟ್ಕೊಂಡು ಚೀಪ್ತಿದ್ದಾಳೆ — ಕಾಲರು, ಬಾಯೊಳಗೆ, ನೀಲಿ, ಒದ್ದೆ ಕಾಲರು