ಕುಬಸದ ನಡುವೆ

ತೆಂಗಿನಕಾಯಿ ಹೊಟ್ಟೆಗೆ ಒತ್ತುತ್ತಿತ್ತು. ಮನೆ ಓನರ್ ಪಟಾಲಮ್ಮ ಇನ್ನೊಂದು ಬೊಗಸೆ ಅಕ್ಕಿಯನ್ನೂ ಲಕ್ಷ್ಮಿದೇವಿಯ ಉಡಿಗೆ ಸುರಿದು, "ಗಂಡಾಗ್ಲಿ ಹೆಣ್ಣಾಗ್ಲಿ, ಸುಖವಾಗಿ ಕೈಗೆ ಬರ್ಲಿ ಕಣಮ್ಮ" ಎಂದಳು. ಹೊರಮಾವಿನ ಆ ಬಾಡಿಗೆ ರೂಮಿನಲ್ಲಿ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಬೆಂಗಳೂರಿನವರು ಸೀಮಂತ ಎನ್ನುವುದನ್ನು ಯಾದಗಿರಿ ಕಡೆಯ ಇವರು ಕುಬಸ ಎನ್ನುತ್ತಾರೆ. ಹಸಿರು ಸೀರೆ, ಕೈತುಂಬ ಬಳೆ, ಮುಡಿತುಂಬ ಹೂವು. ಇಷ್ಟೆಲ್ಲ ತನಗೇ ಮಾಡುತ್ತಿದ್ದಾರೆಂದು ಲಕ್ಷ್ಮಿದೇವಿಗೆ ಅನ್ನಿಸಲೇ ಇಲ್ಲ.

ಸುಖವಾಗಲಿ ದುಃಖವಾಗಲಿ ಅವಳ ಹತ್ತಿರ ಸುಳಿಯದೆ ವರ್ಷವಾಗಿತ್ತು. ಹೋದ ಸಲ ಏಳನೇ ತಿಂಗಳಲ್ಲಿ ಕೂಸು ಯಾಕೋ ಸುಮ್ಮನಾಗಿದೆ ಎಂದು ಅತ್ತೆ ಸುಭದ್ರಮ್ಮನಿಗೆ ಹೇಳಿದ್ದಳು. "ಮೊದಲ್ನೇ ಬಸುರಿಗಿ ಹಿಂಗೇ ಅನಸ್ತದವ್ವ, ಮಲ್ಕೊ" ಎಂದಿದ್ದಳು ಅತ್ತೆ. ಕೆಟ್ಟವಳಲ್ಲ ಸುಭದ್ರಮ್ಮ, ಐದು ಹೆತ್ತವಳು, ತನಗೆ ತಿಳಿದದ್ದನ್ನು ಹೇಳಿದಳು. ಲಕ್ಷ್ಮಿದೇವಿ ಮಲಗಿದಳು. ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ ಕೂಸಿಗೆ ಉಸಿರಿರಲಿಲ್ಲ. ಅತ್ತೆ ಅತ್ತಳು, ಗಂಡ ಭೀಮು ಅತ್ತ. ಇವಳು ಮಾತ್ರ ಮನೆಗೆ ಬಂದು ಪಾತ್ರೆ ತಿಕ್ಕಿದಳು.

ಈ ಸಲ ಹೆದರಿ ಕುಬಸವನ್ನು ಒಂಬತ್ತನೇ ತಿಂಗಳಿಗೆ ದೂಡಿದ್ದರು. ಲಕ್ಷ್ಮಿದೇವಿಯಲ್ಲೂ ಉಳಿದದ್ದು ಹೆದರಿಕೆಯೊಂದೇ. ಹಗ್ಗ ಕಂಡರೂ ಹಾವೆನ್ನುವ ಮನಸ್ಸು ಅದು. ಅದರ ಮಾತು ಕೇಳುವುದನ್ನೇ ಬಿಟ್ಟಿದ್ದಳು. ಆದರೆ ಹೆದರಿಕೆಗೆ ಗದ್ದಲವಿರುತ್ತದೆ. ಇವತ್ತು ಮನಸ್ಸಿನಲ್ಲಿ ಆ ಗದ್ದಲವಿರಲಿಲ್ಲ. ಊಟದ ತಾಟು ತಗುಲಿದರೂ ಒದೆಯುವ ಕೂಸು, ಇಷ್ಟು ಭಾರ ಹೇರಿದರೂ ಮಿಸುಕಲಿಲ್ಲ. ಏನೋ ಸರಿಯಿಲ್ಲವೆಂದು ಗೊತ್ತಾಯಿತು, ಅಷ್ಟೆ.

"ಅತ್ತೀ, ಕೂಸು ಮುಂಜಾನಿಂದ ಮಿಸುಕವಲ್ದು."

"ಹೋಳಿಗಿ ಉಂಡು ಮಲಗ್ಯದ ಬಿಡು!" ಎಂದಳೊಬ್ಬಳು. ಎಲ್ಲರೂ ನಕ್ಕರು. ಸುಭದ್ರಮ್ಮ ನಗಲಿಲ್ಲ. ಆರತಿ ತಟ್ಟೆ ಹಿಡಿದ ಅವಳ ಕೈ ಅರೆಗಳಿಗೆ ತಡೆಯಿತು.

"ಆರತಿ ಒಂದು ಆಗ್ಲವ್ವ. ಉಡಿ ತುಂಬಿದ್ಮ್ಯಾಲ ಅರ್ಧಕ್ಕ ಏಳಬಾರ್ದು, ಕೂಸಿಗಿ ಛೊಲೊ ಅಲ್ಲ. ಸ್ವಲ್ಪ ಕುಂದ್ರು."

ಕೂತರೆ ಎಲ್ಲರ ಮಾತೂ ಉಳಿಯುತ್ತದೆ. ಎದ್ದ ಮೇಲೆ ಕೂಸು ನಿಜಕ್ಕೂ ಮಲಗಿದೆಯೆಂದಾದರೆ, ಶುಭಕಾರ್ಯ ಕೆಡಿಸಿದವಳೆಂಬ ಹೆಸರು. ಮುಂದೆ ಕೂಸಿಗೆ ನೆಗಡಿಯಾದರೂ ಅದು ಇವಳ ತಲೆಗೇ. ಲಕ್ಷ್ಮಿದೇವಿ ಸೆರಗು ಬಿಟ್ಟು ಎದ್ದಳು. ಅಕ್ಕಿ, ಎಲೆ, ಅಡಿಕೆ ಎಲ್ಲ ನೆಲಕ್ಕೆ ಸುರಿದವು. ತೆಂಗಿನಕಾಯಿ ಉರುಳಿ ಪಟಾಲಮ್ಮನ ಕಾಲಿಗೆ ತಗುಲಿ ನಿಂತಿತು.

"ಅಯ್ಯೋ, ಏನಮ್ಮಿ ಇದು!"

"ನಾ ದವಾಖಾನಿಗಿ ಹೊಂಟೀನ್ರಿ."

ಬಾಗಿಲಲ್ಲಿದ್ದ ಭೀಮು ಅವ್ವನ ಮುಖ ನೋಡಿದ. ಅವನು ನೋಡಿ ಮುಗಿಸುವಷ್ಟರಲ್ಲಿ ಹೆಂಡತಿ ರಸ್ತೆಯಲ್ಲಿ ನಿಂತು ಆಟೋಗೆ ಕೈ ಮಾಡುತ್ತಿದ್ದಳು. ಅವನು ಚಪ್ಪಲಿ ಹಾಕಿಕೊಳ್ಳದೆಯೇ ಓಡಿದ.

ಆಸ್ಪತ್ರೆಯಲ್ಲಿ ನರ್ಸ್ ಹೊಟ್ಟೆಗೆ ಬೆಲ್ಟ್ ಬಿಗಿದು ಕೂಸಿನ ಎದೆಬಡಿತ ಕೇಳಿಸುವ ಮೆಷಿನ್ ಹಾಕಿದಳು. ಮೊದಲು ಬರೀ ಗರಗರ. ಬೆಲ್ಟನ್ನು ಅತ್ತಿತ್ತ ಸರಿಸಿದಳು. ಭೀಮು ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ, ದೂರದಲ್ಲಿ ಯಾರೋ ಬಟ್ಟೆ ಒಗೆಯುವ ಹಾಗೆ ಒಂದು ಸದ್ದು ಕೇಳಿತು. ತೀರ ನಿಧಾನದ ಸದ್ದು.

ಡಾಕ್ಟರಮ್ಮ ಬಂದು ಆಲಿಸಿದರು. "ಹಾರ್ಟ್‌ಬೀಟ್ ಕಮ್ಮಿ ಆಗ್ತಿದೆ. ಈಗ್ಲೇ ಆಪರೇಷನ್ ಮಾಡಿ ಮಗು ತೆಗೀಬೇಕು. ಸಂಜೆವರೆಗೂ ಕಾದಿದ್ರೆ ಕಷ್ಟ ಆಗ್ತಿತ್ತು. ಇಲ್ಲಿಗೆ ಯಾರು ಕಳ್ಸಿದ್ರು ನಿಮ್ಮನ್ನ?"

ಭೀಮು ತನ್ನ ಬರಿಗಾಲು ನೋಡಿಕೊಂಡ.

"ಯಾರೂ ಇಲ್ರಿ," ಎಂದಳು ಲಕ್ಷ್ಮಿದೇವಿ. "ನಾನೇ ಬಂದೀನಿ."

ಒಳಗೆ ಕರೆದೊಯ್ಯಲು ಅಣಿಮಾಡುತ್ತ, ಇವಳು ಗಾಬರಿಯಾದಾಳೆಂದು ನರ್ಸ್ ಮೆಷಿನ್ನಿನ ಸದ್ದು ಇಳಿಸಲು ಕೈ ಚಾಚಿದಳು.

"ಇರ್ಲಿ ಬಿಡ್ರಿ."

ನರ್ಸ್ ಕೈ ಹಿಂದಕ್ಕೆ ತೆಗೆದಳು. ಲಕ್ಷ್ಮಿದೇವಿ ಕಣ್ಣು ಮುಚ್ಚಿ, ಒಂದು ಬಡಿತ ಬಂದ ಮೇಲೆ ಇನ್ನೊಂದಕ್ಕೆ ಕಾಯುತ್ತ ಮಲಗಿದಳು.