ಏಳನೇ ಪಡೆಯ ಬಿಲ್ಲೆ

ರಟ್ಟಿನ ಮೇಲೆ ಚಾಕು ಓಡುವಾಗ ಸರ್ ಅನ್ನೋ ಸದ್ದು, ತುದಿಯಲ್ಲಿ ಟಕ್, ಇನ್ನೊಂದು ಬಿಲ್ಲೆ ಬೇರೆಯಾಯಿತು, ಹೆಬ್ಬೆರಳಿನ ಉಗುರಿನಷ್ಟು ಚೌಕ, ಅದರೊಳಗೆ ಒಂದು ಇಡೀ ಪಡೆ, ನಾನೂರು ಜನ — ನಾಲ್ಕು ವರ್ಷದಿಂದ ಹೀಗೇ ಕತ್ತರಿಸುತ್ತಾ ಕೂತಿದ್ದೇನೆ, ಸ್ಕೂಲಿನಲ್ಲಿ ಭೂಗೋಳ ಪಾಠ, ಮನೆಗೆ ಬಂದರೆ ಈ ಗುಡ್ಡದ ಯುದ್ಧವನ್ನು ಮೇಜಿನಾಟ ಮಾಡೋ ಕೆಲಸ, ನಿನಗೆ ಗಂಡನಿಗಿಂತ ಆ ಯುದ್ಧದ ಜನರಲ್ ಸಾಹೇಬನೇ ಹತ್ತಿರದವನು ಕಣೇ ಅಂತ ಇವರು ರೇಗಿಸುತ್ತಾರೆ, ರೇಗಿಸಲಿ, ಆಟಕ್ಕೆ ಮೊದಲು ಕುರ್ಚಿ ಎಳೆದುಕೊಳ್ಳೋದೂ ಇವರೇ. ಊಟದ ಮೇಜಿನ ತುಂಬ ನಕ್ಷೆ, ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು, ಕಂದು ಬಣ್ಣದ ಗುಡ್ಡ, ಹಿಂದೆ ಹಳ್ಳದ ನೀಲಿ ಗೆರೆ, ನಾವಿಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ನಾಳೆ ಪ್ರಕಾಶಕರಿಗೆ ಕೊನೆಯ ಪ್ರತಿ ಹೋಗಬೇಕಿತ್ತು. ಹೋಗೋದಿಲ್ಲ. ಎಲ್ಲ ಈ ಒಂದು ಬಿಲ್ಲೆಯಿಂದ — ಏಳನೇ ಪಡೆ, ಬಲ ಒಂದು, ಮಿಕ್ಕವಕ್ಕೆಲ್ಲ ಮೂರು ನಾಲ್ಕು ಕೊಟ್ಟವಳು ಇದಕ್ಕೆ ಮಾತ್ರ ಒಂದು, ಮೇಲೆ ಒಂದು ನಿಯಮ, ಮೊದಲ ದಾಳಿಯಾದ ಕೂಡಲೇ ದಾಳ ಹಾಕಿ, ನಾಲ್ಕರೊಳಗೆ ಬಿದ್ದರೆ ಪಲಾಯನ, ಬಿಲ್ಲೆ ತೆಗೆದುಬಿಡಿ. ಯಾಕೆ ಬರೆದೆ? ಜನರಲ್ ಬರೆದ ಪುಸ್ತಕದಲ್ಲಿ ಒಂದು ಸಾಲು ಇತ್ತು, ಏಳನೇ ಪಡೆ ಕಾರಣವಿಲ್ಲದೆ ಗುಡ್ಡ ಬಿಟ್ಟಿತು, ಅಷ್ಟೇ, ಅದನ್ನೇ ನಿಯಮ ಮಾಡಿದೆ. ಎಷ್ಟು ಸಲ ಆಡಿದೆವೋ, ದಾಳ ಉರುಳಿದಾಗಲೆಲ್ಲ ಇವರು ಚಪ್ಪಾಳೆ ತಟ್ಟಿ, ಓಟ ಕಿತ್ತರಪ್ಪಾ, ಕಾಲಿಗೆ ಬುದ್ಧಿ ಹೇಳಿದ್ರು ಅನ್ನೋರು, ನಾನೂ ನಗುತ್ತಿದ್ದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಬೆಳಿಗ್ಗೆ ಬೀದಿ ಕೊನೆಯ ಟೈಲರ್ ಬಂದರು, ಬಿಲ್ಲೆ ಹಾಕಿ ಕಲಸೋಕೆ ಚೀಲ ಹೊಲಿಯಲು ಹೇಳಿದ್ದೆ, ಒಳಗಿನದು ಕಾಣದ ಹಾಗೆ ದಪ್ಪ ಬಟ್ಟೆ, ಚೀಲ ಕೈಗೆ ಕೊಟ್ಟವರು ಹೋಗಲಿಲ್ಲ, ನಕ್ಷೆ ನೋಡುತ್ತಾ ನಿಂತರು, ಬಗ್ಗಿದರು, ಎಂಬತ್ತರ ಬೆನ್ನು ಬಗ್ಗೋದೂ ನಿಧಾನ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳನ್ನು ನೀಲಿ ಗೆರೆಯ ಮೇಲಿಟ್ಟು, ಇದು ಆ ಗುಡ್ಡ ಅಲ್ವಾ ಟೀಚರಮ್ಮ. ಹತ್ತು ವರ್ಷದಿಂದ ನನ್ನ ಬಟ್ಟೆ ಹೊಲಿಯೋ ಮನುಷ್ಯ ಸೈನ್ಯದಲ್ಲಿದ್ದದ್ದು ನನಗೆಲ್ಲಿ ಗೊತ್ತು, ಪಾಠ ಮಾಡೋ ಚಟ ಬೇರೆ, ಕೂರಿಸಿ ಎಲ್ಲ ವಿವರಿಸಿದೆ, ಏಳನೆಯದು ಯಾವುದು ಅಂದರು, ತೋರಿಸಿದೆ, ಈ ಒಂದು ಅಂದ್ರೇನು ಅಂದರು, ಅದು ಬಲ ಯಜಮಾನ್ರೇ, ಈ ಪಡೆಯವರು ಓಡಿಹೋದ ವೀರರು — ನಗುತ್ತಲೇ ಅಂದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಸಿಟ್ಟಾಗಲಿಲ್ಲ. ಒಂದಾಟ ಆಡಬಹುದಾ ಅಂತ ಕೇಳಿದರು. ಏಳನೆಯದು ತಾವಿದ್ದ ಪಡೆ, ಸಮವಸ್ತ್ರ ಹೊಲಿಯೋ ಕೆಲಸ, ಕೊನೆಗೆ ಜನ ಸಾಲದೆ ಬಂದೂಕೂ ಕೊಟ್ಟರು, ಇದೆಲ್ಲ ಆಡುತ್ತಾ ಆಡುತ್ತಾ ಹೇಳಿದರು. ಮೂರನೇ ಸರದಿಯಲ್ಲಿ ನಾನಿನ್ನೂ ದಾಳಿ ಮಾಡೇ ಇಲ್ಲ, ತಮ್ಮ ಪಡೆಯ ಬಿಲ್ಲೆ ಎತ್ತಿ ಹಳ್ಳದ ಮೇಲಿಟ್ಟರು. ಹಾಗೆ ಬರೋಲ್ಲ, ದಾಳ ಹಾಕಬೇಕು ಅಂದೆ.

ನಾವು ಓಡಿಹೋಗ್ಲಿಲ್ಲ ಟೀಚರಮ್ಮ. ನೀರಿಗೆ ಹೋದ್ವಿ.

ಮೂರು ದಿನ ನೀರಿಲ್ಲವಂತೆ, ನೀರು ಹೊರುವ ಹೇಸರಗತ್ತೆಗಳು ಮೊದಲ ದಿನವೇ ಸತ್ತವಂತೆ, ಬೆಳಗಿನ ಹೊತ್ತು ಬಂದೂಕಿನ ನಳಿಗೆ ಮೇಲಿನ ಇಬ್ಬನಿ ನೆಕ್ಕುತ್ತಿದ್ದರಂತೆ, ಕ್ಯಾಪ್ಟನ್ ಅರ್ಧ ಜನ ಇರಿ, ಅರ್ಧ ಜನ ಎಲ್ಲರ ಬಾಟಲಿ ತಗೊಂಡು ಇಳೀರಿ ಅಂದನಂತೆ, ಆ ಕ್ಯಾಪ್ಟನ್ ಉಳಿಯಲಿಲ್ಲ, ಮೇಲಿದ್ದವರಲ್ಲಿ ಯಾರೂ ಉಳಿಯಲಿಲ್ಲ, ಜನರಲ್ ಎದುರು ಬೆಟ್ಟದಿಂದ ದುರ್ಬೀನಿನಲ್ಲಿ ನೋಡಿದ, ಇಳಿಯುವವರ ಬೆನ್ನು ಕಂಡಿತು, ಅಷ್ಟು ದೂರದಿಂದ ಎಲ್ಲ ಬೆನ್ನೂ ಒಂದೇ. ಇದಕ್ಕೆ ದಾಖಲೆ ಏನಾದರೂ ಇದೆಯಾ, ಅಂತ ಕೇಳಿದೆನಲ್ಲ ನಾನು, ಉತ್ತರಪತ್ರಿಕೆ ತಿದ್ದೋ ದನಿಯಲ್ಲಿ, ಅವರು ತಲೆಯಾಡಿಸಿದರು, ಕಾಗದ ಇಲ್ಲ. ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು, ಒಳಗೆ ಬಂದು ನಿಯಮದ ಪ್ರತಿ ತೆಗೆದು ಪಲಾಯನ ಅನ್ನೋ ಮಾತಿಗೆ ಕೆಂಪು ಗೆರೆ ಎಳೆದರು. ಬಲ ನಾಲ್ಕು ಕೊಡ್ತೀನಿ ಯಜಮಾನ್ರೇ, ಗುಡ್ಡ ಉಳಿಯೋ ಹಾಗೆ ಮಾಡ್ತೀನಿ ಅಂದೆ, ಕಣ್ಣು ತುಂಬಿತ್ತು, ಆ ಹೊತ್ತಿಗೆ ಏನು ಬೇಕಾದರೂ ಕೊಡುತ್ತಿದ್ದೆ.

ಗುಡ್ಡ ಹೋಯ್ತು, ಅದು ನಿಜ. ಅದನ್ನ ಬದಲಾಯಿಸ್ಬೇಡಿ.

ಪ್ರಕಾಶಕರಿಗೆ ಫೋನ್ ಮಾಡಿದೆ, ಪುಟ ಕಟ್ಟಿ ಆಗಿದೆ, ಈಗ ಒಂದು ವಾರ ಅಂದ್ರೆ ಹೇಗೆ ಮೇಡಂ ಅಂತ ರಾಗ ಎಳೆದರು, ಹಾಗಾದರೆ ಆಟವನ್ನೇ ಕೊಡೋಲ್ಲ ಅಂದುಬಿಟ್ಟೆ, ಒಪ್ಪಿದರು. ಹೊಸ ನಿಯಮ: ನೀರಿಲ್ಲದ ಪಡೆಯ ಬಲ ಸರದಿಗೆ ಒಂದೊಂದು ಇಳಿಯುತ್ತದೆ, ಹಳ್ಳಕ್ಕೆ ಹೋಗಿ ಬರಬಹುದು. ಮಧ್ಯಾಹ್ನ ಮೂವರೂ ಕೂತು ಆಡಿದೆವು, ಏಳನೆಯದಕ್ಕೆ ಮಿಕ್ಕವರ ಹಾಗೆ ಮೂರು, ಬಾಯಾರಿ ಎರಡಾಯಿತು, ಒಂದಾಯಿತು, ಅದೇ ಒಂದು, ನಾಲ್ಕು ವರ್ಷ ನಾನು ಸುಮ್ಮನೆ ಅಚ್ಚು ಹಾಕಿದ್ದ ಒಂದು, ಈಗ ಇಳಿದು ಇಳಿದು ಬಂತು, ಗುಡ್ಡ ಬಿತ್ತು, ಟೈಲರ್ ಸರಿ ಅಂದರು. ಅವರು ಚಪ್ಪಲಿ ಮೆಟ್ಟಿಕೊಳ್ಳುವಾಗ ಕೇಳಿದೆ, ತಿರುಗಿ ಹತ್ತಿದಿರಾ? ಹತ್ತಿದರಂತೆ. ಕೊರಳಿಗೆ ಎಂಟು ಬಾಟಲಿ, ಮೇಲಿದ್ದ ಎಂಟು ಜನರದು, ಅರ್ಧ ದಾರಿಯಲ್ಲಿ ತಲೆಯೆತ್ತಿದರೆ ತುದಿಯಲ್ಲಿ ಬೇರೆಯವರ ಟೋಪಿಗಳು. ಆಮೇಲೆ? ನಿಂತ್ವಿ ಅಂದರು, ಮೆಟ್ಟಿಲು ಇಳಿದು ಹೋದರು.

ಸಂಜೆಯಾಯಿತು, ಹೊಸ ಬಿಲ್ಲೆ ಕತ್ತರಿಸಿದೆ, ಹಳ್ಳಕ್ಕೂ ತುದಿಗೂ ನಡುವೆ ಒಂದೇ ಒಂದು ಮನೆ, ಅಲ್ಲಿಟ್ಟೆ, ಮುಂದಿನ ಸರದಿ ನನ್ನದು, ಇಲ್ಲ ಇವರದು, ಇವರು ದೀಪ ಹಾಕಲಾ ಅನ್ನುತ್ತಿದ್ದಾರೆ, ಹ್ಞೂಂ ಅನ್ನಬೇಕು — ಎಂಟು ಬಾಟಲಿ, ತುಂಬಿದ್ದು, ಒಂದರ ಮುಚ್ಚಳ ಸಡಿಲ ಇರಬೇಕು, ಎದೆಯ ಮೇಲೆ ತಣ್ಣಗೆ ಇಳಿಯುತ್ತಿರಬೇಕು, ಅವರು ತಲೆಯೆತ್ತಿ ನಿಂತಿದ್ದಾರೆ, ಎಂಟು ಬಾಟಲಿ, ಎಂಟೂ ತುಂಬಿದ್ದು