ಫಕೀರವ್ವನ ಹೆಸರಿನ ಫ್ಯಾನು

ಗುಡಗೇರಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, 1984ರ ಮೇ ತಿಂಗಳಲ್ಲಿ ಹಣಮಪ್ಪನ ಗುಡಿಯ ಫ್ಯಾನನ್ನು ಬಣ್ಣ ಹಚ್ಚಲು ಕೆಳಗಿಳಿಸಿದ ಸಂಗತಿಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಊರಿಗೆ ಕರೆಂಟು ಬಂದಾಗಲೂ ಇಷ್ಟು ಜನ ಒಟ್ಟಿಗೆ ಮೇಲೆ ನೋಡಿರಲಿಲ್ಲ.

ಫ್ಯಾನು ಗುಡದಪ್ಪ ಕೊಟ್ಟದ್ದು. ಐದು ವರ್ಷದ ಹಿಂದೆ, ತಾಯಿ ಫಕೀರವ್ವ ತೀರಿಕೊಂಡಾಗ. ಮೂರೂ ರೆಕ್ಕೆಗಳ ಮೇಲೆ ಒಂದೇ ಬರಹ: 'ಫಕೀರವ್ವನ ನೆನಪಿಗೆ, ಮಗ ಗುಡದಪ್ಪ.' ಅದಕ್ಕೂ ಮೊದಲು ಆಕೆಯ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಹೊಲ ಮಾವನ ಹೆಸರಿನಲ್ಲಿತ್ತು, ಮನೆ ಗಂಡನ ಹೆಸರಿನಲ್ಲಿ. ಆದ್ದರಿಂದ ಗುಡದಪ್ಪ ಗುಡಿಗೆ ಬಂದವನೇ ಕೈಮುಗಿಯುವ ಮೊದಲು ಸ್ವಿಚ್ ಆರಿಸುತ್ತಿದ್ದ. ತಿರುಗುವ ಫ್ಯಾನಿನ ಮೇಲೆ ಏನನ್ನು ಓದಲು ಸಾಧ್ಯ? ಶನಿವಾರದ ಭಜನೆಗೆ ಕೂತವರು ಬೆವರುತ್ತ, ಕುತ್ತಿಗೆ ಎತ್ತಿ, "ಓದಿದ್ವೋ ಯಪ್ಪಾ, ಇನ್ನರ ಹಾಕು!" ಎಂದು ಕೂಗಿದ ಮೇಲೆಯೇ ಗಾಳಿ.

ದೀಪದ ಹೊಗೆಗೂ ಎಣ್ಣೆಯ ಜಿಡ್ಡಿಗೂ ರೆಕ್ಕೆಗಳು ಕೆಳಗಿನಿಂದ ತುಕ್ಕು ಹಿಡಿದವು. ಫಕೀರವ್ವ ಅರ್ಧದಷ್ಟು ಉದುರಿಹೋದಳು. ಮಗನಿಗೆ ನಿದ್ದೆ ಕೆಟ್ಟಿತು. ಗಾಡಿಗೂ ಅಂಗಡಿ ಬೋರ್ಡಿಗೂ ಬಣ್ಣ ಹಚ್ಚುವ ಇಮಾಮಹುಸೇನನನ್ನು ಕರೆಸಿದ.

ಇಮಾಮಹುಸೇನ ಬುಧವಾರ ಗುಡಿಯ ಕಟ್ಟೆಯ ಮೇಲೆ ಫ್ಯಾನು ಬಿಚ್ಚಿದ. ಮೋಟಾರಿನ ತೂತುಗಳಿಗೆ ಕಾಗದ ಅಂಟಿಸಿ, ರಾಡು, ಬಟ್ಟಲು, ರೆಕ್ಕೆ ಎಲ್ಲವನ್ನೂ ಸೀಮೆಎಣ್ಣೆಯಿಂದ ಒರೆಸಿ, ಪಾಲಿಶ್ ಕಾಗದದಿಂದ ತಿಕ್ಕಿದ. ಮೊದಲು ಕೆಂಪು ಪ್ರೈಮರು, ಮರುದಿನ ಕೆನೆಬಣ್ಣ. ಗುಡದಪ್ಪ ತಾಸಿಗೊಮ್ಮೆ ಬಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಒಣಗೇತೇನಲೇ?"

"ನೀವು ಮುಟ್ಟೂದು ಬಿಟ್ರ ಒಣಗ್ತೈತ್ರಿ ಕಾಕಾ. ಇದು ಮೂರನೇ ಹೆಬ್ಬೆಟ್ಟು. ಇನ್ನ ಹೆಸರ ಯಾಕ ಬರಿಯೂದು, ನಿಮ್ಮ ಹೆಬ್ಬೆಟ್ಟ ಸಾಕು."

"ಚ್ಯಾಷ್ಟಿ ಮಾಡಬ್ಯಾಡ. ನಾಡಿದ್ದ ಭಜನಿ ಐತಿ."

ಇಮಾಮಹುಸೇನ ಹೆಬ್ಬೆಟ್ಟಿನ ಗುರುತು ತಿಕ್ಕಿ ತೆಗೆದು ಮತ್ತೆ ಬಣ್ಣ ಹಚ್ಚಿದ. ಗುಡದಪ್ಪ ಮನೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ.

ಶುಕ್ರವಾರ ಮಧ್ಯಾಹ್ನ ಅಕ್ಷರ ಬರೆಯುವ ಹೊತ್ತು. ಪ್ರತಿ ರೆಕ್ಕೆಯ ಒಂದು ಮಗ್ಗುಲು ಕನ್ನಡಿಯಂತೆ ನುಣುಪಾಗಿತ್ತು. ಇನ್ನೊಂದು ಮಗ್ಗುಲಲ್ಲಿ ತುಕ್ಕು ತಿಂದ ಕುಳಿಗಳು ಹೊಸ ಬಣ್ಣದಡಿಯಲ್ಲೂ ಸಿಡುಬಿನ ಕಲೆಗಳಂತೆ ಕಾಣುತ್ತಿದ್ದವು. ಇಮಾಮಹುಸೇನ ಕುಳಿಯ ಮಗ್ಗುಲನ್ನೇ ಮೇಲೆ ಮಾಡಿ ಕುಂಚ ಅದ್ದಿದ. ಗುಡದಪ್ಪ ಅವನ ಕೈ ಹಿಡಿದ.

"ನಮ್ಮವ್ವನ ಹೆಸರ ಈ ಹಾಳ ಮಾರಿ ಮ್ಯಾಲೆ ಬರೀತಿ? ನುಣ್ಣನ್ನ ಕಡೆ ಬರಿ."

"ಕಾಕಾ, ಫ್ಯಾನ್ ಮ್ಯಾಲೆ ಏರಿದ ಮ್ಯಾಲೆ ಅದು..."

"ನನಗ ಕಲಿಸಬ್ಯಾಡಲೇ. ಬರಿ ಅಂದ್ರ ಬರಿ!"

ಇಮಾಮಹುಸೇನ ಬರೆದ. ಸಿಟ್ಟಿಗೋ ಪ್ರೀತಿಗೋ, ಹೆಸರಿನ ಆಚೀಚೆ ಒಂದೊಂದು ಗುಲಾಬಿ ಹೂವನ್ನೂ ಬಿಡಿಸಿದ. ಗುಡದಪ್ಪ ಆ ರಾತ್ರಿ ನಿದ್ದೆ ಮಾಡಿದ.

ಶನಿವಾರ ಸಂಜೆ ಫ್ಯಾನು ಏರಿತು. ಸ್ವಿಚ್ ಹಾಕಗೊಡದೆ ಗುಡದಪ್ಪ ಎಲ್ಲರನ್ನೂ ಕೆಳಗೆ ನಿಲ್ಲಿಸಿದ. ಕುತ್ತಿಗೆಗಳು ಎದ್ದವು. ಮೇಲೆ ಕೆನೆಬಣ್ಣ, ಕುಳಿಗಳು. ಅಕ್ಷರ ಒಂದೂ ಇಲ್ಲ.

"ಏನ್ ಓದೂದೋ ಗುಡದಪ್ಪಾ?" ಎಂದಳು ಮೈಲಾರವ್ವ. ಫಕೀರವ್ವನ ಸರೀಕಳು, ಅವಳ ಜೊತೆ ನಲವತ್ತು ವರ್ಷ ಕಳೆ ತೆಗೆದವಳು. "ನಿಮ್ಮವ್ವ ಎಲ್ಲಿ?"

"ಆ ಮಗ್ಗಲಕ್ಕ ಅದಾಳ್ರಿ," ಎಂದ ಇಮಾಮಹುಸೇನ ನಿಚ್ಚಣಿಕೆಯ ಮೇಲಿನಿಂದ. "ನಿನ್ನಿ ಅದನ್ನ ಹೇಳಾಕ ಬಂದಿದ್ದೆ."

ಗುಡದಪ್ಪ ಅವನನ್ನು ಇಳಿಸಿ ತಾನೇ ಏರಿದ. ಹೆಸರಿತ್ತು, ಗುಲಾಬಿಯಿತ್ತು, ಎದುರಿಗೆ ತೊಲೆಯ ಮೇಲೊಂದು ಹಲ್ಲಿಯಿತ್ತು.

"ರೆಕ್ಕಿ ತಿರುವಿ ಹಾಕೋ."

"ತಿರುವಿದ್ರ ಮೋಟಾರಿಗೆ ಕೂಡಂಗಿಲ್ರಿ. ಇಳಿಸಿ ಈ ಕಡೆ ಬರೀಬೇಕು, ಒಣಗಸಬೇಕು. ಇನ್ನೆರಡ ದಿನ."

"ಇನ್ನೆರಡ ದಿನಾ?" ಕೆಳಗೆ ಗದ್ದಲವೆದ್ದಿತು. "ಸೆಕಿಗೆ ನಮ್ಮ ಹೆಸರೂ ಬರಸಬೇಕಾಗ್ತೈತಿ, ಇಳಿಯೋ!"

ಅವನು ಇಳಿದು ನಿಚ್ಚಣಿಕೆ ಸರಿಸಿದ. ಮೈಲಾರವ್ವ ಅಷ್ಟರಲ್ಲಿ ಸ್ವಿಚ್ ಹಾಕಿದ್ದಳು. ರೂಢಿಯಂತೆ ಗುಡದಪ್ಪನ ಕೈ ಅದರ ಮೇಲೆ ಹೋಯಿತು, ಹೋಗಿ ಅಲ್ಲೇ ನಿಂತಿತು. ಆರಿಸಿದರೆ ಓದುವುದಕ್ಕೆ ಏನೂ ಇರಲಿಲ್ಲ.

"ಬಿಡು," ಎಂದಳು ಮೈಲಾರವ್ವ. "ನಿಮ್ಮವ್ವ ಇದ್ದಾಗ ಒಂದ ಗಳಿಗಿ ಸುಮ್ಮನ ನಿಂತಾಕಿ ಅಲ್ಲ. ನೀ ಐದ ವರ್ಷದಿಂದ ಆಕಿನ್ನ ನಿಂದ್ರಸಾಕತ್ತಿ."

ಗುಡದಪ್ಪ ಸ್ವಿಚ್ಚಿನಿಂದ ಕೈ ತೆಗೆದು ಜನರ ನಡುವೆ ಕೂತ. ಭಜನೆ ಮುಗಿಯುವವರೆಗೂ ಫ್ಯಾನು ತಿರುಗಿತು.